ಘಟ್ಟದ ತಂಗಿಯ ತವರು

ಮಳೆ ಅಪರೂಪವಾದ ಊರಿನಲ್ಲಿ ಕೂತು ಮಳೆಗೆ ಹೊದಿಕೆ ನೇಯುವುದು ನಮ್ಮ ಮನೆತನದ ಕಸುಬು. ಹಾಲಹರವಿಯಿಂದ ಆಲೂರಿಗೆ ಹೋಗುವ ದಾರಿಯ ಬದಿಗೆ ನಮ್ಮ ಹಳ್ಳಿ. ಕುರಿಯ ಉಣ್ಣೆ ಕತ್ತರಿಸಿ, ಮನೆಯ ಹೆಂಗಸರು ನೂಲು ತೆಗೆದು, ಆ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಬಿಟ್ಟು, ಆಮೇಲೆ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇದ ಕಂಬಳಿ ಮಳೆಯ ನೀರನ್ನು ತಾನು ಕುಡಿಯುತ್ತದೆಯೇ ಹೊರತು ಹೊದ್ದವನ ಮೈಗೆ ಬಿಡುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ಅಪ್ಪ ನನ್ನನ್ನು ಆ ಗುಣಿಗೆ ಇಳಿಸಿದ. ಮುಂದಿನ ಅಕ್ಷರವನ್ನೆಲ್ಲ ನಾನು ಬಸ್ಸಿನ ಬೋರ್ಡು ಓದಿಯೇ ಕಲಿತೆ. ತೆಲುಗೂ ಹಾಗೆಯೇ, ಕನ್ನಡವೂ ಹಾಗೆಯೇ. ಆದರೆ ನನ್ನ ಕಂಬಳಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟವರು ಇವತ್ತಿನವರೆಗೂ ಇಲ್ಲ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ನಮ್ಮ ಕಡೆ ಕಂಬಳಿ ಬೇಕಾಗುವುದು ಕುರಿ ಕಾಯುವವರಿಗೆ, ಮದುವೆಯಲ್ಲಿ ಗದ್ದಿಗೆ ಹಾಸಲಿಕ್ಕೆ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಅಪ್ಪನ ಕಾಲದಿಂದಲೂ ಬೇಸಿಗೆ ಮುಗಿಯುವ ಮುನ್ನ ಕಂಬಳಿಯ ಗಂಟು ಕಟ್ಟಿ, ಬಳ್ಳಾರಿಗೆ ಬಂದು, ಶಿವಮೊಗ್ಗ ದಾಟಿ, ಘಟ್ಟದ ಅಂಚಿಗೆ ಹೋಗಿ ಮಾರುತ್ತಿದ್ದೆವು. ಅಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಬಿಡುವಿಲ್ಲದ ನೀರು. ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕಿಕೊಳ್ಳದೆ ಅಲ್ಲಿಯವರು ಅಂಗಳಕ್ಕೂ ಇಳಿಯುತ್ತಿರಲಿಲ್ಲ. ರಸ್ತೆಯ ಬದಿಯ ಊರುಗಳೆಲ್ಲ ಪ್ಲಾಸ್ಟಿಕ್ಕಿಗೆ ತಿರುಗಿದ ಮೇಲೆ ನಾನು ಒಳಗೊಳಗೆ ಹೋಗತೊಡಗಿದೆ. ಹಾಗೆ ಹೋಗಿ ಹೋಗಿ, ಕಾಡಿನ ಹೊಟ್ಟೆಯೊಳಗಿದ್ದ ಕೆಲವೇ ಮನೆಗಳ ಒಂದು ಹಾಡಿಗೆ ಮುಟ್ಟಿದೆ.

ಆ ಕಾಡನ್ನು ಮೊದಲ ಸಲ ಹೊಕ್ಕಾಗ ನನಗೆ ಆದದ್ದು ಹೆದರಿಕೆ. ನಮ್ಮ ಸೀಮೆಯಲ್ಲಿ ಒಂದು ಗಿಡ ಇತ್ತೆಂದರೆ ಅದಕ್ಕೊಂದು ಹೆಸರಿರುತ್ತದೆ. ಇಂಥವರ ಹೊಲದ ಬೇವು, ಇಂಥ ಹಳ್ಳದ ಹುಣಸೆ ಎಂದರೆ ಸುತ್ತಲಿನ ಊರವರಿಗೆಲ್ಲ ಗುರುತು ಸಿಗುತ್ತದೆ. ಇಲ್ಲಿ ನಡುಮಧ್ಯಾಹ್ನವೇ ಕತ್ತಲೆ. ಮರಗಳ ಬುಡದಿಂದ ಗೋಡೆಯ ಹಾಗೆ ಬೇರು ಎದ್ದಿವೆ, ಒಂದೊಂದು ಬೇರಿನ ಮರೆಯಲ್ಲಿ ಒಂದು ಸಂಸಾರ ಮಲಗಬಹುದು. ಕೊಂಬೆಯ ಮೇಲೆ ಪಾಚಿ, ಪಾಚಿಯ ಮೇಲೆ ಹೂವು, ಹೂವಿನ ಕೆಳಗೆ ಕಪ್ಪೆ. ಕಾಲ ಬೆರಳ ಸಂದಿಗೆ ರಕ್ತ ಹೀರುವ ಉಂಬಳ. ಮೇಲೆಲ್ಲೋ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಬಸ್ಸು ಬಂದಂತೆ ಕೇಳುತ್ತಿತ್ತು. ನಾನು ಎರಡು ಸಲ ಬಸ್ಸೇ ಬಂತೆಂದು ದಾರಿ ಬಿಟ್ಟು ನಿಂತದ್ದೂ ಉಂಟು.

ಮೂರೋ ನಾಲ್ಕೋ ವರ್ಷ ಹಾಗೆ ಹೋಗಿಬಂದ ಮೇಲೆ, ಒಂದು ಬೇಸಿಗೆಯ ಕೊನೆಗೆ ಮಳೆ ಬೇಗನೆ ಹಿಡಿಯಿತು. ಹಾಡಿಯಲ್ಲಿಯೇ ನನಗೆ ಚಳಿಜ್ವರ ಬಂತು. ಕೊನೆಯ ಮನೆಯ ಹೆಂಗಸು ನನ್ನನ್ನು ಜಗಲಿಯಲ್ಲಿ ಮಲಗಿಸಿದಳು. ಆಕೆಯ ಗಂಡ ಜೇನು ಕೀಳಲು ಹೋಗಿದ್ದವನು ಬಂದು ಒಲೆ ದೊಡ್ಡದು ಮಾಡಿದ. ನನ್ನ ಕಂಬಳಿಯನ್ನೇ ನನಗೆ ಹೊದಿಸಿ, ಕಾಡುಮೆಣಸಿನ ಕಷಾಯ ಕುಡಿಸಿದರು. ಜ್ವರ ಇಳಿದ ದಿನ ಆಕೆ ಲೋಟ ಹಿಡಿದು ಮುಂದೆ ನಿಂತಳು.

“ನನಗೆ ಅಣ್ಣತಮ್ಮಂದಿರು ಯಾರೂ ಇಲ್ಲ. ಇದ್ದಿದ್ರೆ ಈಗ ಚಂದ ಮಾಡಿ ಬೈಬಹುದಿತ್ತು, ಮಳೆ ಹಿಡಿಯೋ ಹೊತ್ತಿಗೆ ಯಾರಾದ್ರೂ ಕಾಡಿಗೆ ಬರ್ತಾರಾ ಅಂತ.”

“ನನಗೂ ತಂಗಿ ಇಲ್ಲ. ಬೈದುಬಿಡು ಯವ್ವಾ, ನಾನೇ ಅಣ್ಣ ಆಗ್ತೀನಿ,” ಎಂದೆ.

ಆಕೆ ನಿಜವಾಗಿಯೂ ಬೈದಳು. ಗಂಡ ನಗುತ್ತ, “ಇನ್ನು ಭಾವ ಅಂತ ನನ್ನನ್ನೂ ಕರೀಬೇಕು ನೀವು, ಕಂಬಳಿಗೆ ಚೌಕಾಸಿ ಮಾಡೂದು ನಂಗೆ ಇನ್ನು ಕಷ್ಟ,” ಎಂದ.

ಮಾತಿಗೆ ಅಣ್ಣ ಎನ್ನಿಸಿಕೊಂಡು ಸುಮ್ಮನಿರುವ ಮನುಷ್ಯ ನಾನಲ್ಲ. ನಮ್ಮ ಕಡೆ ಅಣ್ಣನಾದವನಿಗೆ ಒಂದು ಕೆಲಸವಿದೆ. ಶ್ರಾವಣದ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಬೇಕು, ಆಗದಿದ್ದರೆ ಉಂಡಿ ಕಟ್ಟಿಕೊಂಡು ಹೋಗಿ ಉಡಿ ತುಂಬಿ ಬರಬೇಕು. ಆದರೆ ಶ್ರಾವಣದಲ್ಲಿ ಆ ಹಾಡಿಗೆ ಹೋಗುವುದು ಯಾರಿಂದಲೂ ಆಗದ ಮಾತು. ಹಳ್ಳಗಳು ತುಂಬಿ ದಾರಿಯೇ ಮುಚ್ಚಿರುತ್ತಿತ್ತು. ಹಾಗಾಗಿ ನಾನು ಪಂಚಮಿಯನ್ನು ಮಳೆಗಿಂತ ಮುಂಚೆಯೇ ಒಯ್ಯತೊಡಗಿದೆ. ಕಂಬಳಿಯ ಗಂಟಿನ ನಡುವೆ ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು, ಆದೋನಿಯ ಅಂಗಡಿಯ ಕುಪ್ಪಸದ ಕಣ. ಆಕೆ ಅದನ್ನು ಬೇಸಿಗೆ ಪಂಚಮಿ ಎನ್ನುತ್ತಿದ್ದಳು. ತಿರುಗಿ ಬರುವಾಗ ಒಣಗಿಸಿದ ಉಪ್ಪಾಗೆ ಹುಳಿ, ಜೇನು, ಕಾಡುಮೆಣಸು ನನ್ನ ಚೀಲಕ್ಕೆ ತುಂಬುತ್ತಿದ್ದಳು. ನನ್ನ ಹೆಂಡತಿ ತೆಲುಗು ಊರಿನಿಂದ ಬಂದವಳು. ಉಪ್ಪಾಗೆಯನ್ನು ಪಪ್ಪಿಗೆ, ಅಂದರೆ ಬೇಳೆಸಾರಿಗೆ, ಹಾಕಿ, “ಮಾ ವದಿನ ಹುಳಿ ಕಳಿಸ್ಯಾಳ,” ಎಂದು ಓಣಿಗೆಲ್ಲ ಹಂಚಿ ಬರುತ್ತಿದ್ದಳು. ವದಿನ ಎಂದರೆ ಅವಳ ತೆಲುಗಿನಲ್ಲಿ ನಾದಿನಿ, ನೋಡದವಳನ್ನು ವದಿನ ಮಾಡಿಕೊಂಡೇ ಬಿಟ್ಟಿದ್ದಳು.

ಆ ಕಾಡನ್ನು ಸರಕಾರ ಕಾಯ್ದಿಟ್ಟ ಕಾಡು ಮಾಡಿದ್ದು ಹಿಂದೆಯೇ. ಹಾಡಿಯವರನ್ನು ಯಾರೂ ಹೊಡೆದು ಎಬ್ಬಿಸಲಿಲ್ಲ, ಅದನ್ನು ಸರಿಯಾಗಿ ಹೇಳಬೇಕು. ಹೊರಗೆ ಜಾಗ ಕೊಡುತ್ತೇವೆ, ಮನೆ ಕೊಡುತ್ತೇವೆ, ಒಪ್ಪಿದವರು ಬನ್ನಿ ಎಂದರು. ಬಹಳ ದಿನ ಯಾರೂ ಒಪ್ಪಲಿಲ್ಲ. ಆಮೇಲೆ ತಂಗಿಯ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಗ, ಮಳೆಯೊಳಗೆ ನೋವು ಕಾಣಿಸಿಕೊಂಡಿತು. ನಾನು ಮಾರಿದ ಕಂಬಳಿಯನ್ನೇ ಬಿದಿರಿಗೆ ಕಟ್ಟಿ, ಆ ಜೋಲಿಯಲ್ಲಿ ಹುಡುಗಿಯನ್ನು ಹೊತ್ತು ರಸ್ತೆಗೆ ತಂದರು. ಹುಡುಗಿ ಉಳಿದಳು, ಕೂಸು ಉಳಿಯಲಿಲ್ಲ. ಹಾಡಿಯಲ್ಲಿ ಒಪ್ಪಿಗೆಗೆ ಮೊದಲು ಹೆಬ್ಬೆಟ್ಟು ಒತ್ತಿದವಳು ನನ್ನ ತಂಗಿಯೇ. ಆಕೆ ಎದ್ದಳೆಂದು ಉಳಿದವರೂ ಎದ್ದರು.

ಹೊಸ ಜಾಗ ಹೆದ್ದಾರಿಯ ಪಕ್ಕ. ಸಾಲಾಗಿ ಒಂದೇ ತರಹದ ಮನೆಗಳು, ನಲ್ಲಿ, ಕರೆಂಟು, ಹತ್ತಿರದಲ್ಲೇ ಆಸ್ಪತ್ರೆ. ಮಗಳು ಅಲ್ಲಿ ಎರಡು ಮಕ್ಕಳನ್ನು ಹೆತ್ತಳು. ಭಾವನಿಗೆ ಖುಷಿಯೋ ಖುಷಿ. ನಾನು ಮೊದಲ ಸಲ ಹೋದಾಗ ಬೆಳಕಿನ ಗುಂಡಿ ಒತ್ತಿ ಒತ್ತಿ ತೋರಿಸಿದ. “ಭಾವಾ, ಇಲ್ಲಿ ಮಳೆ ಕಮ್ಮಿ. ನಿಮ್ಮ ಕಂಬಳಿ ಇನ್ನು ಮಂಚಕ್ಕೆ ಹಾಸೂದು ಅಷ್ಟೇ,” ಎಂದ. ನನಗೆ ಬೇಜಾರಾಗಲಿಲ್ಲ. ನನ್ನ ಒಳಗೆ ಬೇರೊಂದು ಸಂತೋಷ ಇತ್ತು: ಈಗ ರಸ್ತೆಯಿದೆ, ಬಸ್ಸಿದೆ, ಶ್ರಾವಣದಲ್ಲೇ ತಂಗಿಯನ್ನು ಕರೆದೊಯ್ಯಬಹುದು. ಖರೇ ಪಂಚಮಿ, ಖರೇ ತವರು.

ಮಗಳ ಎರಡು ಬಾಣಂತನ ಮುಗಿಯಲೆಂದು ಕೆಲವು ವರ್ಷ ಕಾದು ಕರೆತಂದೆ. ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಶೇರ್ ಆಟೋದಲ್ಲಿ ಕೂತಾಗಿನಿಂದ ಆಕೆ ಹೊರಗೇ ನೋಡುತ್ತಿದ್ದಳು. ರಸ್ತೆಯಾಚೆ ಬಯಲು, ಬಯಲಿನಾಚೆ ಬಯಲು. ಕಡೆಗೆ ನನ್ನ ತೋಳು ಮುಟ್ಟಿ, “ಅಣ್ಣಾ, ಇಲ್ಲಿ ಅಡಗಿಕೊಳ್ಳಬೇಕು ಅಂದ್ರೆ ಎಲ್ಲಿ ಅಡಗೂದು?” ಎಂದಳು.

“ಯಾರಿಂದ ಅಡಗ್ತಿ?” ಎಂದೆ.

“ಯಾರಿಂದ್ಲೂ ಅಲ್ಲ. ಸುಮ್ನೆ.”

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಎದುರುಮನೆಯ ಅಜ್ಜಿಗೆ ಸುಮ್ಮನಿದ್ದರೆ ಉಂಡದ್ದು ಅರಗುವುದಿಲ್ಲ. “ಏನೋ, ಇಷ್ಟು ವರ್ಷ ಇಲ್ಲದ ತಂಗೀನ ಎಲ್ಲಿಂದ ತಂದ್ಯಪಾ? ಆದೋನಿ ಸಂತ್ಯಾಗ ಸಿಕ್ಕಳೇನು?”

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: “ಹೌದವ್ವಾ, ಕಂಬಳಿ ಕೊಟ್ಟು ತಂದಾನ. ನಿನಗೂ ಒಬ್ಬಾಕಿ ಬೇಕಾದ್ರ ಹೇಳು, ಮುಂದಿನ ವಾರ ತರ್ತಾನ!” ಆಮೇಲೆ ಹೊಸಿಲಿಗೆ ಬಂದು ನೀರು ಕೊಟ್ಟು, “ರಾ ವದಿನಾ, ಒಳಗ ಬಾ. ಈ ಮುದುಕಿ ಮಾತಿಗೆ ನೀನು ಕಿವಿ ಕೊಡಬ್ಯಾಡ,” ಎಂದಳು. ಘಟ್ಟದ ತಂಗಿ ನಕ್ಕದ್ದು ಆಗ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದೆವು. ನನ್ನ ಹೆಂಡತಿ ಜೀಕುತ್ತ ಕಿರುಚಿದರೆ, ಆಕೆ ಒಂದು ಮಾತೂ ಇಲ್ಲದೆ ಎಷ್ಟು ಮೇಲೆ ಹೋದಳೆಂದರೆ ಅಜ್ಜಿ ಎದ್ದು ನಿಂತು ಬಯ್ಯಬೇಕಾಯಿತು.

ಮರುದಿನ ಆಕೆಯನ್ನು ಕಾಲುವೆ ತೋರಿಸಲು ಕರೆದೊಯ್ದೆ. ತುಂಗಭದ್ರೆಯ ನೀರು ತರುವ ಕಾಲುವೆ ನಮ್ಮ ಹಾಲಹರವಿಯ ಮೇಲೆ ಹಾದು ಆದೋನಿಯ ಕಡೆ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಬಂದವರಿಗೆ ತೋರಿಸುವಂಥದ್ದು ಅದೊಂದೇ. ಶ್ರಾವಣವಾದ್ದರಿಂದ ದಂಡೆ ಮುಟ್ಟಿ ಹರಿಯುತ್ತಿತ್ತು. ನೀರಿನ ಬಣ್ಣ ನೋಡಿ ಆಕೆ ಕೇಳಿದಳು, “ಈ ನೀರು ಎಲ್ಲಿಂದ ಬರೂದು?”

“ನಿಮ್ಮ ಕಡಿಂದಾನ. ನಿಮ್ಮ ಕಾಡಿನ ಹಳ್ಳ ಕೂಡಿ ಹೊಳಿ ಆಗ್ತಾವ, ಹೊಳಿ ಡ್ಯಾಮಿಗೆ ಬರ್ತಾವ. ಅಲ್ಲಿಂದ ನಮಗ.”

ಆಕೆ ನಂಬಲಿಲ್ಲ. ನಾನು ಕಡ್ಡಿಯಿಂದ ದಂಡೆಯ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆ. ಗೆರೆ ನೋಡಿ ಎದ್ದವಳು ಮೆಟ್ಟಿಲಿಳಿದು, ಮೊಣಕಾಲವರೆಗೆ ನೀರಿಗೆ ಹೋಗಿ ನಿಂತುಬಿಟ್ಟಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, “ಸೆಳವು ಐತಿ, ಮೇಲೆ ಬಾರವ್ವಾ,” ಎಂದು ಕೂಗಿದರೂ ಕೇಳಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ಮೇಲೆ ಬಂದಾಗ ಮುಖವೆಲ್ಲ ಒದ್ದೆ. ಅದು ಕಾಲುವೆಯ ನೀರೇ ಎಂದು ನಾನು ಅಂದುಕೊಂಡೆ.

“ಅಣ್ಣಾ, ಇದು ಬರ್ತದೆ ಅಲ್ಲಿಂದ. ನಾನು ಹೋಗ್ಲಿಕ್ಕೆ ಆಗೂದಿಲ್ಲ.”

ಕಾಡು ಬಿಟ್ಟು ಹೊರಗೆ ಬಂದ ಮೇಲೆ ಹಾಡಿಯವರಾರೂ ಒಳಗೆ ಹೋಗುವಂತಿರಲಿಲ್ಲ. ಅದು ಗೊತ್ತಿದ್ದದ್ದೇ, ಒಪ್ಪಿ ಬಂದದ್ದೇ. ಆದರೆ ಆಕೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಆಕೆ ಹುಟ್ಟಿದ್ದು ಆ ಹಾಡಿಯಲ್ಲಿ, ಕೊಟ್ಟದ್ದು ಅದೇ ಹಾಡಿಯ ಇನ್ನೊಂದು ಮನೆಗೆ. ತವರೂ ಅದೇ, ಗಂಡನ ಮನೆಯೂ ಅದೇ. ದಾರಿಯುದ್ದಕ್ಕೂ ಮಾತಾಡಿದಳು. ನಿಮ್ಮ ಮನೆಯಲ್ಲಿ ನನಗೆ ಏನೂ ಕಮ್ಮಿಯಿಲ್ಲ, ಅತ್ತಿಗೆ ಬಂಗಾರದಂಥವಳು, ಆದರೆ ತವರು ಅಂದ್ರೆ ಹುಟ್ಟಿದ್ದಲ್ಲವಾ ಅಣ್ಣ, ಒಂದೇ ಒಂದು ಸಲ ಅಂಗಳ ನೋಡಿ ಬಂದರೆ ಸಾಕು, ಆಮೇಲೆ ಕೇಳುವುದಿಲ್ಲ.

“ನಾನು ಕರ್ಕೊಂಡು ಹೋಗ್ತೀನಿ,” ಎಂದೆ. “ಅಣ್ಣ ಅನಿಸ್ಕೊಂಡೀನಿ. ತಂಗೀನ ತವರಿಗೆ ಮುಟ್ಟಿಸದಿದ್ರ ನಾನೆಂಥವ?”

ಚಳಿಗಾಲ ಕಳೆದ ಮೇಲೆ ತಂಗಿಯ ಮನೆಗೆ ಹೋದೆ. ಇಬ್ಬರೂ ಅರಣ್ಯದವರ ಕಚೇರಿಗೆ ಹೋದೆವು. ಅಲ್ಲಿಯ ಸಾಹೇಬರು ಕೂರಿಸಿ, ನೀರು ಕೊಟ್ಟು ಮಾತಾಡಿದರು. ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ, ಆ ಭಾಗಕ್ಕೆ ನಾನೂ ಸುಮ್ಮನೆ ಹೋಗುವಂತಿಲ್ಲ ಎಂದರು. ಆಮೇಲೆ ಅವರೇ ದಾರಿ ಹೇಳಿದರು. ನೋಡಲು ಬರುವವರಿಗೆ ಒಂದು ಕಾಲುದಾರಿ ಮಾಡಿದ್ದೇವೆ, ಜೊತೆಗೆ ಗೈಡ್ ಇರುತ್ತಾನೆ, ಟಿಕೆಟು ತೆಗೆದುಕೊಂಡು ಅಲ್ಲಿಯವರೆಗೆ ಹೋಗಿ ಬನ್ನಿ. ಹಾಡಿಯ ಹಳೆಯ ದಾರಿ ಅದೇ ಕಾಲುದಾರಿಗೆ ಒಂದು ಕಡೆ ಕೂಡುತ್ತದೆಂದು ತಂಗಿ ಪಿಸುಗುಟ್ಟಿದಳು.

ಹಾಗೆ ನನ್ನ ತಂಗಿ ತನ್ನ ತವರಿಗೆ ಟಿಕೆಟು ತೆಗೆದುಕೊಂಡು ಹೊಕ್ಕಳು. ಹೊಸ ಸೀರೆ ಉಟ್ಟಿದ್ದಳು, ತಲೆಗೆ ಹೂವು ಮುಡಿದಿದ್ದಳು. ನಾನು ಉಂಡಿಯ ಡಬ್ಬಿ ಹಿಡಿದಿದ್ದೆ. ನಮ್ಮ ಹಿಂದೆ ಕ್ಯಾಮೆರಾ ಹಿಡಿದ ಒಂದಷ್ಟು ಜನ.

ಗೈಡ್ ಒಳ್ಳೆಯ ಹುಡುಗ, ಓದಿದವನು, ಆ ಕಾಡಿನ ಮೇಲೆ ಅವನಿಗೆ ಖರೇ ಪ್ರೀತಿ. ಒಂದೊಂದು ಮರದ ಹತ್ತಿರ ನಿಂತು ಹೇಳುತ್ತಿದ್ದ. ಈ ಜಾತಿಯ ಮರ ಈ ಘಟ್ಟದ ಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈ ಕಪ್ಪೆ ಈ ಒಂದೆರಡು ಹಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮೇಲಿನ ಕೊಂಬೆಯಲ್ಲಿ ಮುಖದ ಸುತ್ತ ಬಿಳಿ ಕೇಸರ ಇಟ್ಟುಕೊಂಡು ಕೂತಿದ್ದ ಸಿಂಗಳೀಕವನ್ನು ತೋರಿಸಿದ. ಇದೂ ಅಷ್ಟೇ, ಕೊಂಬೆಗೆ ಕೊಂಬೆ ಕೂಡಿದ ಇಂಥ ಕಾಡು ಹೋದರೆ ಇದೂ ಹೋಯಿತು. ಇಡೀ ಲೋಕದ ಆಸ್ತಿ ಎಂದು ಇದನ್ನು ಕಾಯುತ್ತಿದ್ದಾರೆ, ಮನುಷ್ಯ ಹುಟ್ಟುವ ಮುಂಚಿನ ಕಾಡು ಇದು ಎಂದ.

ತಂಗಿ ಬಾಯಿ ತೆರೆದು ಕೇಳುತ್ತಿದ್ದಳು. ನನ್ನ ಕಡೆ ತಿರುಗಿ, “ಬೇರೆಲ್ಲೂ ಇಲ್ವಂತೆ ಅಣ್ಣಾ,” ಎಂದಳು. “ನಾನು ಎಲ್ಲಾ ಕಡೆ ಉಂಟು ಅಂತ ಮಾಡಿದ್ದೆ. ನಿಮ್ಮ ಕಡೆ ಇಲ್ಲ, ಬಿಸಿಲಿಗೆ ಒಣಗಿದೆ, ಆದ್ರೆ ಬೇರೆ ಎಲ್ಲಾದ್ರೂ ಇರ್ತದೆ ಅಂತ. ಬಿಟ್ಟು ಬರೂವಾಗ ಅದೇ ಸಮಾಧಾನ ಮಾಡ್ಕೊಂಡಿದ್ದೆ.”

ನಾನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ನಡೆದೆ.

ಹಳೆಯ ದಾರಿ ಕೂಡುವ ಜಾಗ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಗಂಟು ಹೊತ್ತು ಎಷ್ಟೋ ವರ್ಷ ನಡೆದ ದಾರಿ ಅದು. ಎತ್ತಿನ ಗಾಡಿ ಹೋಗುವಷ್ಟು ಅಗಲವಿದ್ದ ಜಾಗದಲ್ಲಿ ಸಸಿಗಳು ಒತ್ತಾಗಿ ಎದ್ದಿದ್ದವು. ಕೆಲವು ನನ್ನ ಸೊಂಟದಷ್ಟು, ಕೆಲವು ತಲೆ ಮೀರಿ. ತಂಗಿ ಮಾತ್ರ ನೇರ ಹೋಗಿ ಅದರ ಮುಂದೆ ನಿಂತಳು. ಒಳಗೆ ಕೈ ಮಾಡಿ, “ಅಲ್ಲಿ ಹಳ್ಳ. ಅದರಾಚೆ ಹತ್ತಿದ್ರೆ ನಮ್ಮ ಅಂಗಳ,” ಎಂದಳು.

ಆಕೆ ಆ ಹಾಡಿಯವಳೆಂದು ಗೈಡ್‌ಗೆ ಗೊತ್ತಾದದ್ದು ಆಗ. ಅವನ ಮುಖ ಸಣ್ಣದಾಯಿತು. ಕ್ಯಾಮೆರಾದವರನ್ನು ಮುಂದಿನ ತೊರೆಯ ಹತ್ತಿರ ಕೂರಿಸಿ ಓಡಿ ಬಂದ. “ಅಮ್ಮಾ, ನಾನು ಇಲ್ಲೇ ಬೆನ್ನು ತಿರುಗಿಸಿ ಕೂತಿರ್ತೇನೆ. ಬೇಗ ಹೋಗಿ, ನೋಡಿ ಬಂದುಬಿಡಿ,” ಎಂದ.

ನನ್ನ ಎದೆ ಹಿಗ್ಗಿತು. “ನಡಿ ಯವ್ವಾ,” ಎಂದು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಸಸಿಯನ್ನು ಬಗ್ಗಿಸಲು ಕೈ ಹಾಕಿದೆ.

“ಮುಟ್ಟಬೇಡಿ ಅಣ್ಣಾ!”

ಆಕೆ ನನ್ನ ಮೇಲೆ ಹಾಗೆ ಕೂಗಿದ್ದು ಜ್ವರದ ದಿನ ಬೈದದ್ದು ಬಿಟ್ಟರೆ ಅದೇ. ನಾನು ಕೈ ತೆಗೆದೆ. ಆಕೆ ಕೆಳಗೆ ಕೂತು, ಬುಡದ ಎಲೆ ಸರಿಸಿ, ಸಸಿಗಳನ್ನು ನೋಡಿದಳು. ಇದು ದೂಪ, ಇದು ಉಪ್ಪಾಗೆ, ಇದು ಹೆಬ್ಬಲಸು ಎಂದು ತನಗೆ ತಾನೇ ಹೇಳಿಕೊಂಡಳು. ಹಾಡಿಯವರಲ್ಲಿ ಒಂದು ನೇಮವಿತ್ತು, ಆಕೆಯೇ ನನಗೆ ಹಿಂದೊಮ್ಮೆ ಹೇಳಿದ್ದು: ಬಿಟ್ಟು ಬಂದ ಬೇಸಾಯದ ಜಾಗದಲ್ಲಿ ಸಸಿ ಎದ್ದರೆ ಅದು ದೇವರು ತಿರುಗಿ ತೆಗೆದುಕೊಂಡ ಜಾಗ. ಆಮೇಲೆ ಅಲ್ಲಿ ಮನುಷ್ಯರು ಕಾಲಿಡುವುದಿಲ್ಲ.

“ಅದು ಹೊಲಕ್ಕ ಹೇಳಿದ ಮಾತು. ಇದು ನಿನ್ನ ಮನಿ ದಾರಿ,” ಎಂದೆ. ನನಗೆ ಸಿಟ್ಟೂ ಬಂದಿತ್ತು. “ಇಷ್ಟು ದೂರ ಬಂದು ಬಾಗಿಲದಾಗ ನಿಂತು ಹೋಗೋದೇನು? ಮಾತು ಕೊಟ್ಟೀನಿ ನಾನು.”

“ನೀವು ಮುಟ್ಟಿಸಿದ್ರಿ ಅಣ್ಣ. ನಿಮ್ಮದು ಏನೂ ತಪ್ಪಿಲ್ಲ.” ಆಕೆ ಒಂದು ಎಲೆಯ ಮೇಲಿನ ಮಣ್ಣು ಒರೆಸಿದಳು. “ಬೇರೆಲ್ಲೂ ಇಲ್ಲ ಅಂದ್ರಲ್ಲ ಅವ್ರು. ನಾವು ಎದ್ದು ಹೋದ್ವು ಅಂತ ಇದು ಬರ್ತಾ ಉಂಟು. ಅಂಗಳದಲ್ಲೂ ಬಂದಿರ್ತದೆ. ಒಲೆ ಇದ್ದಲ್ಲೂ ಬಂದಿರ್ತದೆ. ಅದನ್ನ ತುಳಿದು ನಾನು ಎಂತ ನೋಡ್ಲಿ?”

ಗೈಡ್ ಬೆನ್ನು ತಿರುಗಿಸಿಯೇ ಕೂತಿದ್ದ. ಕಾಡು ಸುಮ್ಮನಿರಲಿಲ್ಲ, ಎಲ್ಲೋ ಮಂಗಟ್ಟೆ ಹಾರಿತು, ಎಲ್ಲೋ ಹಣ್ಣು ಬಿತ್ತು, ಹಳ್ಳದ ಸದ್ದು ಕೇಳುತ್ತಲೇ ಇತ್ತು. ಅದಕ್ಕೆ ನಮ್ಮಿಂದ ಆಗಬೇಕಾದದ್ದು ಏನೂ ಇರಲಿಲ್ಲ. ತಂಗಿ ಸೀರೆಯ ಸೆರಗು ಕೈಗೆ ಸುತ್ತಿಕೊಂಡು, ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು. ಉಂಡಿಯ ಡಬ್ಬಿ ತೆಗೆಯಲಿಲ್ಲ. ಕಾಡಿನಲ್ಲಿ ತಿನಿಸು ಬಿಡಬಾರದೆಂದು ಬಾಗಿಲಲ್ಲೇ ಹೇಳಿದ್ದರು.

ತಂಗಿಯ ಮನೆಗೆ ಬಂದೆವು. ಭಾವ ಹೆಂಡತಿಯ ಮುಖ ನೋಡಿ ದೀಪದ ಗುಂಡಿ ಒತ್ತಿ ಹೊರಗೆ ಹೋದ. ನಾನು ಅವತ್ತು ಉಳಿಯಲಿಲ್ಲ. ತಂಗಿ ನನ್ನನ್ನು ಕಳಿಸಲು ಹೆದ್ದಾರಿಯವರೆಗೆ ಬಂದಳು. ಶ್ರಾವಣಕ್ಕೆ ಬಂದು ಕರೆದೊಯ್ಯುತ್ತೇನೆ, ಅತ್ತಿಗೆ ಕಾಯುತ್ತಾಳೆ, ಎದುರುಮನೆಯ ಅಜ್ಜಿಗೆ ಬಯ್ಯಲು ನೀನು ಬೇಕು ಎಂದೆಲ್ಲ ನಾನೇ ಮಾತಾಡಿದೆ. ಬಸ್ಸು ದೂರದಲ್ಲಿ ಕಂಡಿತು.

“ಇನ್ನು ಬರಬೇಡಿ ಅಣ್ಣಾ,” ಎಂದಳು.

ನನಗೆ ಸರಿಯಾಗಿ ಕೇಳಿತ್ತು. ಆದರೂ, “ಏನು?” ಎಂದೆ.

“ನಿಮ್ಮನ್ನ ನೋಡಿದ್ರೆ ಕಾಡಿನ ದಾರಿಯಲ್ಲಿ ಗಂಟು ಹೊತ್ತು ಬರೂದು ಕಾಣ್ತದೆ. ಉಂಡಿ ಬಾಯಿಗೆ ಹಾಕಿದ್ರೆ ಅಲ್ಲಿಯ ಜಗಲಿ ಕಾಣ್ತದೆ. ಇಲ್ಲಿಯವರ ಹತ್ರ ಇದ್ದಾಗ ಮರ್ತಿರ್ತೇನೆ. ಮಗಳ ಮಕ್ಕಳಿದ್ದಾರೆ, ಅವರ ಜೊತೆ ನಾನು ಇಲ್ಲಿಯವಳಾಗಬೇಕು. ನೀವು ವರ್ಷ ವರ್ಷ ಬಂದ್ರೆ ನಂಗೆ ಆಗೂದಿಲ್ಲ.” ಕಾಲು ಮುಟ್ಟಿದಳು. “ಸಿಟ್ಟು ಮಾಡಬೇಡಿ. ಅತ್ತಿಗೆಗೂ ಹೇಳಿ. ತವರು ಮುಗೀತು.”

ಬಸ್ಸು ಹತ್ತಿದೆ. ಹಿಂದಿನ ಕಿಟಕಿಯಿಂದ ನೋಡಿದರೆ ಆಕೆ ರಸ್ತೆಯಲ್ಲೇ ನಿಂತಿದ್ದಳು, ಬೆಟ್ಟಕ್ಕೆ ಬೆನ್ನು ಮಾಡಿ.

ಮುಂದೆ ನಾನು ಹೋಗಿಲ್ಲ. ಫೋನ್ ಮಾಡಿದರೆ ಭಾವ ಎತ್ತುತ್ತಾನೆ, ಎಲ್ಲರೂ ಆರಾಮ ಎನ್ನುತ್ತಾನೆ, ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತದೆ. ಆಕೆಗೆ ಕೊಡು ಎಂದು ನಾನು ಕೇಳುವುದಿಲ್ಲ. ಆ ಕಾಡು ಉಳಿಯಬೇಕೆಂದು ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ನಮ್ಮ ಹೊಲಕ್ಕೆ ಬರುವ ನೀರು ಅಲ್ಲಿಯದು, ಅಂಥದ್ದು ಮತ್ತೆಲ್ಲೂ ಇಲ್ಲ. ಅಲ್ಲಿಂದ ಎದ್ದು ಬಂದವರದೂ ತಪ್ಪಿಲ್ಲ, ಕಾಯುವವರದೂ ತಪ್ಪಿಲ್ಲ. ಯಾರನ್ನಾದರೂ ಬೈದು ಹಗುರಾಗೋಣವೆಂದರೆ ಒಬ್ಬರೂ ಸಿಗುವುದಿಲ್ಲ.

ಈ ಶ್ರಾವಣಕ್ಕೆ ನನ್ನ ಹೆಂಡತಿ ಕೇಳದೆಯೇ ಎಳ್ಳು ಹುರಿದು ಉಂಡಿ ಕಟ್ಟಿದಳು. ಒಂದು ಪಾಲು ತೆಗೆದಿಟ್ಟು, “ಇದು ವದಿನದು. ಎಪ್ಪುಡು, ಯಾವಾಗ ಹೋಗ್ತಿ?” ಎಂದಳು. ತಂಗಿ ಅಂದ ಕೊನೆಯ ಮಾತನ್ನು ಇವಳಿಗೆ ತಿಳಿಸಲು ನನಗೆ ಇನ್ನೂ ಬಾಯಿ ಬಂದಿಲ್ಲ. ಮಳೆ ಜೋರು ಐತಂತ, ದಾರಿ ಮುಚ್ಚೈತಂತ ಎಂದು ಕಾಡಿನ ಕಾಲದ ನೆವವನ್ನೇ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿ, “ಹಂಗಾದ್ರ ಬ್ಯಾಸಗಿಗೆ ಹೋಗು,” ಎಂದು ಮೇಲಿಟ್ಟಳು.